ಕಲ್ಲಿನ ಜೊತೆ ಬಂದವರು

ಪುಟ್ಟಿ,

ಫೋನ್ ಮಾಡಿದಾಗಲೆಲ್ಲ ‘ಮೀನು ಹೇಗಿವೆ ಅಪ್ಪ?’ ಅಂತ ಮಾತ್ರ ಕೇಳ್ತೀಯ. ನಿನ್ನ ಉಪ್ಪುನೀರಿನ ಟ್ಯಾಂಕಿನಲ್ಲಿ ಎರಡೂ ಚೆನ್ನಾಗಿವೆ. ಆವಿಯಾದಷ್ಟು ಸಿಹಿನೀರು ಹಾಕ್ತಿದ್ದೇನೆ. ಉಪ್ಪು ಆವಿಯಾಗಲ್ಲ ಅಂತ ನೀನು ಹತ್ತು ಸಲ ಹೇಳಿ ಹೋಗಿದ್ದೀಯಲ್ಲ, ಮರೆತಿಲ್ಲ. ನೀರಿನ ಉಪ್ಪಂಶ ನೋಡುವ ಮೀಟರ್ ಸರಿಯಾಗಿ 1.025 ತೋರಿಸ್ತಿದೆ. ಆದರೆ ಎರಡು ಮೀನು ನೋಡಿಕೊಂಡರೆ ಸಾಕು ಅಂದೆ ನೋಡು, ಅದು ಮಾತ್ರ ಸುಳ್ಳು.

ಹಾಸ್ಟೆಲಿಗೆ ಹೊರಡುವ ಮುಂಚೆ ಒಂದು ಲೈವ್ ರಾಕ್, ಅದೇ ಜೀವಿಗಳು ಮನೆ ಮಾಡಿಕೊಂಡ ಸಮುದ್ರದ ಕಲ್ಲು, ತಂದು ಇಟ್ಟೆಯಲ್ಲ, ಎಲ್ಲದಕ್ಕೂ ಅದೇ ಮೂಲ. ಒಂದು ರಾತ್ರಿ ಕರೆಂಟ್ ಹೋಯಿತು. ಟಾರ್ಚ್ ಹಿಡಿದು ಟ್ಯಾಂಕ್ ನೋಡಿದರೆ ಕಲ್ಲಿನ ತುಂಬ ಓಡಾಟ! ಅದರಲ್ಲೊಂದು ಬಸವನ ಹುಳು. ಚಿಪ್ಪು ಕಿರುಬೆರಳಿನ ಉಗುರಿನಷ್ಟು, ಚಪ್ಪಟೆ. ಮೈ ಅದರೊಳಗೆ ಹಿಡಿಯುವುದೇ ಇಲ್ಲ, ಹಿಂದೆ ಬಾಲದ ಹಾಗೆ ಚಾಚಿಕೊಂಡಿತ್ತು. ಬಸವನ ಹುಳು ಅಂದರೆ ನಿಧಾನ ಅಂದುಕೊಂಡಿದ್ದೆ. ಇದು ಬೆಳಕು ಬಿದ್ದ ಕೂಡಲೇ ಸರ್ರನೆ ಹರಿದು ಸಂದಿಗೆ ಹೋಯಿತು. ನಾನು ಚಿಮಟ ಹಾಕಿದೆ. ಹುಳು ತಪ್ಪಿಸಿಕೊಂಡಿತು, ಬಾಲದ ತುಂಡು ಮಾತ್ರ ಚಿಮಟದಲ್ಲಿ ಉಳಿದು ಮಿಸುಕಾಡುತ್ತಿತ್ತು. ಕೊಂದೇಬಿಟ್ಟೆ ಅಂತ ರಾತ್ರಿಯೆಲ್ಲ ಒಂಥರಾ ಆಯಿತು.

ಆಮೇಲೆ ಓದಿದೆ. ಅದು ಸ್ಟೊಮಟೆಲ್ಲಾ. ಹೆದರಿದರೆ ಹಲ್ಲಿಯ ಹಾಗೆ ಬಾಲ ಕಳಚಿ ಓಡುತ್ತದಂತೆ, ಮತ್ತೆ ಬೆಳೆಯುತ್ತದಂತೆ. ಪಾಚಿ ತಿನ್ನುವುದು ಬಿಟ್ಟರೆ ಯಾರ ತಂಟೆಗೂ ಹೋಗಲ್ಲ. ಕೆಲವು ವಾರ ಬಿಟ್ಟು ಒಂದು ಸಂಜೆ ಅದೇ ಜಾತಿಯ ಹುಳುವೊಂದು ಕಲ್ಲಿನ ತುದಿಗೆ ಹತ್ತಿ, ಮೈ ಎತ್ತಿ, ಬೀಡಿ ಹೊಗೆಯ ಹಾಗೆ ಬೆಳ್ಳಗೆ ಬಿಡತೊಡಗಿತು. ಫಿಲ್ಟರ್ ಕೆಟ್ಟಿತು ಅಂತ ನಾನು ಪ್ಲಗ್ ಕಿತ್ತೆ. ನೋಡಿದರೆ ಸಂಸಾರ ನಡೆಸ್ತಿತ್ತು, ಪಾಪ! ಈಗ ಗಾಜಿನ ಮೇಲೆ ಸಾಸಿವೆ ಗಾತ್ರದ ಮರಿಗಳಿವೆ.

ಬ್ರಿಸಲ್ ವರ್ಮ್ ಅನ್ನೋ ಮುಳ್ಳುಹುಳದ ವಿಷಯ ನಿನ್ನ ಅಮ್ಮ ಆಗಲೇ ಹೇಳಿರುತ್ತಾಳೆ. ಬರಿಗೈಲಿ ಕಲ್ಲು ಎತ್ತಿದೆ, ಬೆರಳಿಗೆ ಅದರ ಸಣ್ಣ ಬಿಳಿ ಮುಳ್ಳು ಚುಚ್ಚಿಕೊಂಡವು. ಟೇಪ್ ಅಂಟಿಸಿ ಅಂಟಿಸಿ ಕಿತ್ತಳು, ಬೈಗುಳ ಬೇರೆ. ಅದೂ ಕೆಟ್ಟದ್ದಲ್ಲ ಮಗಳೇ, ಉಳಿದುಬಿದ್ದದ್ದನ್ನು ತಿಂದು ಬದುಕುವ ಹುಳ. ಅವು ಜಾಸ್ತಿ ಆದವು ಅಂದರೆ ನಾನು ಮೀನಿಗೆ ಜಾಸ್ತಿ ಹಾಕ್ತಿದ್ದೇನೆ ಅಂತ ಅರ್ಥ. ಈಗ ಚಿಟಿಕೆ ಚಿಕ್ಕದಾಗಿದೆ.

ನಿಜವಾದ ಶನಿ ಐಪ್ಟೇಸಿಯಾ, ಕಲ್ಲಿಗೆ ಅಂಟಿಕೊಂಡು ಬದುಕುವ ಒಂದು ಸೀ ಅನಿಮೋನ್, ಗಿಡ ಅಲ್ಲ, ಪ್ರಾಣಿಯೇ. ಪಾರದರ್ಶಕವಾದ ಪುಟ್ಟ ಹೂವಿನ ಹಾಗೆ ಒಂದು ಅರಳಿತ್ತು. ಚೆಂದ ಇದೆ ಅಂತ ಎರಡು ವಾರ ಅಮ್ಮನಿಗೂ ತೋರಿಸಿದೆ! ಕುಟುಕುವ ಜಾತಿ ಅಂತ ಗೊತ್ತಾದ ಮೇಲೆ ಚಿಮಟದಲ್ಲಿ ಹಿಡಿದು ಕಿತ್ತೆ. ಅದೇ ತಪ್ಪು. ಅಂಟಿಕೊಂಡು ಉಳಿದ ಚೂರುಗಳಿಂದಲೇ ಅದು ಹೊಸದಾಗಿ ಬೆಳೆಯುತ್ತದೆ. ಒಂದಿದ್ದದ್ದು ಐದಾಯಿತು. ಈಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿಯನ್ನು ಗಟ್ಟಿಯಾಗಿ ಕಲಸಿ, ಮೋಟರ್ ಆರಿಸಿ, ಸಿರಿಂಜಿನಲ್ಲಿ ಬಾಯಿಗೇ ಬಿಡುತ್ತೇನೆ. ದಿನಕ್ಕೆ ಒಂದೇ. ಒಮ್ಮೆಲೇ ಹಾಕಿದರೆ ಪಿಎಚ್ ಏರಿಬಿಡುತ್ತೆ. ಮೂರು ಹೋಗಿವೆ, ಎರಡು ಬಾಕಿ.

ಇನ್ನೊಂದು ಮಾತು. ಮೀನಿನ ಮೈಮೇಲೆ ಬಿಳಿ ಚುಕ್ಕೆ ಬಂದರೆ ತಾಮ್ರದ ಔಷಧಿ ಹಾಕು ಅಂತ ಯಾರಾದರೂ ಹೇಳಿಯಾರು. ಈ ಟ್ಯಾಂಕಿಗೆ ಹಾಕುವುದು ಬೇಡ. ಮೀನಿನ ಔಷಧಿಗೆ ಬೇಕಾದಷ್ಟು ಹಾಕಿದ ತಾಮ್ರ ಬಸವನ ಹುಳುವಿಗೆ ವಿಷ. ಮೀನನ್ನು ಬೇರೆ ಟಬ್ಬಿಗೆ ಹಾಕಿ ಅಲ್ಲೇ ಔಷಧಿ ಮಾಡೋಣ.

ಹಿಂದಿನ ಗಾಜಿನ ಮೇಲೆ ಗುಂಡುಸೂಜಿಯ ತಲೆಯಷ್ಟು ಬಿಳಿ ಸುರುಳಿಗಳು ಎದ್ದಿವೆ. ಮೊದಲು ಬಸವನ ಹುಳುವಿನ ಮರಿ ಅಂದುಕೊಂಡೆ, ಆದರೆ ಅಲ್ಲಾಡುವುದೇ ಇಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಸುರುಳಿಯ ಬಾಯಿಂದ ಗರಿಯಂಥದ್ದು ಆಚೆ ಬಂದು, ನೆರಳು ಬಿದ್ದ ಕೂಡಲೇ ಒಳಗೆ ಹೋಗುತ್ತೆ. ಗಾಜು ಉಜ್ಜುವಾಗ ಆ ಮೂಲೆ ಬಿಟ್ಟಿದ್ದೇನೆ. ಕೊಳಕಾಗಿದೆ ಅಂತ ಬಂದ ಕೂಡಲೇ ಒರೆಸಬೇಡ.

ರಜಕ್ಕೆ ಬರುವಾಗ ಕೆಂಪು ಬೆಳಕಿನ ಟಾರ್ಚ್ ಒಂದು ತಾ. ಬಿಳಿ ಬೆಳಕಿಗೆ ಎಲ್ಲ ಓಡಿಹೋಗ್ತವೆ.

ನಿನ್ನ
ಅಪ್ಪ