ಹುಡುಗೂರು ಉಡಾಳ ಅನ್ನೂಕಿಂತ ಮೊದಲ ಪಾಕೀಟ್ ಹಿಂದ ಓದ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಸಾಲ್ಯಾಗ ಪಾಲಕರ ಮೀಟಿಂಗ್ ಆದಾಗೆಲ್ಲಾ ಒಂದ ಮಾತು, ನಿಮ್ಮ ಹುಡುಗ ಕುಂತಲ್ಲಿ ಕೂಡಂಗಿಲ್ಲ, ಭಾಳ ಉಡಾಳ ಅದಾನ. ಮೊಬೈಲ್ ಬಿಡಸ್ರಿ, ಟ್ಯೂಷನ್ ಹಚ್ರಿ ಅಂತಾರ, ಅವ ದಿನಾ ಏನ್ ತಿಂತಾನ ಅಂತ ಮಾತ್ರ ಯಾರೂ ಕೇಳಂಗಿಲ್ಲ. ಗೇಟಿನ ಎದುರಿಗೇ ಪ್ಲಾಸ್ಟಿಕ್ ನಳಿಗ್ಯಾಗ ತುಂಬಿದ ಬಣ್ಣದ ಐಸ್ ಮಾರ್ತಾರ, ಹುಡುಗೂರು ಹಲ್ಲಿಂದ ಕಚ್ಚಿ ಹರದು ಚೀಪಿ, ನಂದು ಕೇಸರಿ ಆತು ನಿಂದು ಹಸರ ಆತು ಅಂತ ನಾಲಿಗಿ ತಗದು ತೋರಸ್ಕೋತ ನಿಂತಿರ್ತಾವ.

ಇಂಥಾ ಬಣ್ಣಕ್ಕೂ ಮಕ್ಕಳ ಚಂಚಲತನಕ್ಕೂ ಸಂಬಂಧ ಅದ ಏನು ಅಂತ ನೋಡ್ಲಿಕ್ಕೆ 2007ರಾಗ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು 3 ವರ್ಷದ ಮತ್ತ 8-9 ವರ್ಷದ ಸುಮಾರು 300 ಮಕ್ಕಳಿಗೆ ಒಮ್ಮೆ ಕೃತಕ ಬಣ್ಣ, ಸೋಡಿಯಂ ಬೆಂಜೋಯೇಟ್ (ಕೆಡಬಾರ್ದು ಅಂತ ಹಾಕೂ ರಾಸಾಯನಿಕ) ಹಾಕಿದ ಜ್ಯೂಸ್, ಒಮ್ಮೆ ಅವಿಲ್ಲದ್ದು ಕೊಟ್ಟು ನೋಡಿದ್ರು, ಯಾವುದರಾಗ ಏನದ ಅಂತ ಮಕ್ಕಳಿಗೂ ಗೊತ್ತಿಲ್ಲ ತಂದಿ-ತಾಯಿಗೂ ಗೊತ್ತಿಲ್ಲ. ಬಣ್ಣದ್ದು ಕುಡದಾಗ ಚಂಚಲತನ ಸ್ವಲ್ಪ ಹೆಚ್ಚಿಗಿ ಕಂಡಿತು. ಸ್ವಲ್ಪ ಅಷ್ಟ, ಅದೂ ಎಲ್ಲಾ ಮಕ್ಕಳಿಗಲ್ಲ, ಬಣ್ಣದಿಂದನ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಂಚಲತನದ ತೊಂದರಿ) ಬರ್ತದ ಅಂತ ಯಾರೂ ಸಿದ್ಧ ಮಾಡಿಲ್ಲ. ಆದ್ರೂ 2010ರ ಜುಲೈನಿಂದ ಯುರೋಪಿನಾಗ ಆ ಪರೀಕ್ಷಾದಾಗ ಬಳಸಿದ 6 ಬಣ್ಣದಾಗ ಯಾವುದರೆ ಇದ್ರ ಮಕ್ಕಳ ಚಟುವಟಿಕಿ, ಗಮನದ ಮ್ಯಾಲೆ ಕೆಟ್ಟ ಪರಿಣಾಮ ಆಗಬಹುದು ಅಂತ ಪಾಕೀಟಿನ ಮ್ಯಾಲೆ ಬರೀಲಿಕ್ಕೇಬೇಕು. ಅವರಾಗ ಟಾರ್ಟ್ರಜೈನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯ್ಸಿನ್, ಪೊನ್ಸೊ 4ಆರ್ ಈ ನಾಕಕ್ಕೂ ನಮ್ಮ ದೇಶದಾಗ ಪರವಾನಗಿ ಅದ. ನಮ್ಮ ಪಾಕೀಟಿನ ಮ್ಯಾಲೆ ಏನಿರ್ತದ? ಬಣ್ಣದ ಹೆಸರಿನ ಬದಲಿ ಐಎನ್‌ಎಸ್ 102, 110, 122 ಅಂತ ಕೋಡ್ ನಂಬರ್, ಇರುವಿ ಕಾಲಿನಂಥಾ ಇಂಗ್ಲಿಷ್ ಅಕ್ಷರ, ಚಾಳೀಸು ಹಾಕ್ಕೊಂಡ ಅಜ್ಜಿ ಮೊಮ್ಮಗಗ ಕೊಡಿಸೂ ಮುಂದ ಅದನ್ನ ಓದ್ಯಾಳೇನ್ರಿ?

2024ರಾಗ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಕಬಾಬಿಗೆ ಕೃತಕ ಬಣ್ಣ ಹಾಕಬಾರ್ದು ಅಂತ ಮಾಡಿತು, ಬಾಂಬೆ ಮಿಠಾಯಿಗೆ ಹಾಕ್ತಿದ್ದ ರೊಡಮೈನ್-ಬಿ ಅನ್ನೂ ಬಟ್ಟಿ ಬಣ್ಣ ಹಿಡೀತು, ಚಲೋ ಆತು. ಆದ್ರ ಗೋಬಿಗೆ ಬ್ಯಾಡಾದ ಅದ ಸನ್‌ಸೆಟ್ ಯೆಲ್ಲೋ ಪೆಪ್ಪರಮೆಂಟಿಗೆ ನಡೀತದ, ಮಿತಿಯೊಳಗ ಇದ್ರ ಸಾಕು. ಬಿಡಿ ಐಸಿಗೆ ಮಿತಿ ಅಳದು ಹಾಕೂರು ಯಾರು?

ಇನ್ನ ಮಂದಿ ಸಕ್ಕರಿ ತಿಂದ್ರ ಹುಡುಗೂರು ಕುಣೀತಾವ ಅಂತಾರ, ಪರೀಕ್ಷಾ ಮಾಡಿದಾಗ ಅದು ಖರೆ ಆಗಿಲ್ಲ (ಹಲ್ಲು ಹಾಳಾಗೂದು ಖರೆ). ಕೆಲವರಂತೂ ಚಂಚಲತನ ಕಡಿಮಿ ಆಗ್ತದ ಅಂತ ಯೂಟ್ಯೂಬ್ ನೋಡಿ ಮಕ್ಕಳಿಗೆ ಹಾಲು, ಚಪಾತಿ ಎರಡೂ ಬಂದ್ ಮಾಡ್ಯಾರ, ಇದು ಅತಿ ಆತು. ಹಾಲು ಕುಡದು ಹೊಟ್ಟಿ ಉಬ್ಬಿ ರಾತ್ರಿ ನಿದ್ದಿ ಇಲ್ಲದ ಕೂಸು ಮರುದಿನ ಕಿರಿಕಿರಿ ಮಾಡೂದು ಬ್ಯಾರೆ, ಅದಕ್ಕ ಡಾಕ್ಟರ್‌ಗೆ ತೋರಸ್ರಿ.

ಎಣ್ಣಿ, ಸಕ್ಕರಿ, ಉಪ್ಪು ಅತಿಯಾದ ತಿನಿಸು ಸಾಲಿ ಗೇಟಿನಿಂದ 50 ಮೀಟರಿನಾಗ ಮಾರಬಾರ್ದು ಅಂತ 2020ರಾಗನ ಕೇಂದ್ರದ ನಿಯಮ ಆಗ್ಯದ, ಬಣ್ಣದ ಮಾಲೂ ಅದರಾಗ ಸೇರಸ್ರಿ, ಎಚ್ಚರಿಕಿ ಕನ್ನಡದಾಗ ದಪ್ಪ ಅಕ್ಷರದಾಗ ಬರ್ಲಿ. ಸಂಕ್ರಮಣಕ್ಕ ನಮ್ಮ ಸಿದ್ಧೇಶ್ವರ ಜಾತ್ರ್ಯಾಗ ಆಹಾರ ಸುರಕ್ಷತಾ ಅಧಿಕಾರಿಗಳು ಬರೇ ಗೋಬಿ ಗಾಡಿ ನೋಡಿ ಹೋಗೂದು ಬಿಟ್ಟು ಬಣ್ಣದ ಮಿಠಾಯಿ, ಐಸಿನ ಸ್ಯಾಂಪಲ್ಲೂ ತಗೊಳ್ಳಲಿ, ರಿಸಲ್ಟ್ ನಿಮ್ಮ ಪೇಪರಿನಾಗ ಹಾಕ್ರಿ.

– ಒಬ್ಬ ಪಾಲಕ, ವಿಜಯಪುರ