ಶಾಸನದ ಚಿತ್ರ ಕುಗ್ಗಿಸುವ ಮುನ್ನ

ಮಾನ್ಯ ಸಂಪಾದಕರೇ,

ಊರೂರಿನ ವೀರಗಲ್ಲು, ಮಾಸ್ತಿಕಲ್ಲು (ಸತಿ ಹೋದವರ ನೆನಪಿನ ಕಲ್ಲು), ದಾನಶಾಸನಗಳ ಚಿತ್ರಗಳನ್ನು ಆಸಕ್ತರು ವಾಟ್ಸ್‌ಆ್ಯಪ್, ಫೇಸ್‌ಬುಕ್‌ಗಳಲ್ಲಿ ಹಂಚಿಕೊಳ್ಳುತ್ತಿರುವುದು ಸಂತೋಷದ ಸಂಗತಿ. ಆದರೆ ಹಂಚುವ ಭರದಲ್ಲಿ ಚಿತ್ರದ ಗಾತ್ರ ಕುಗ್ಗಿ, ಓದಬೇಕಾದ ಅಕ್ಷರಗಳೇ ಇಲ್ಲವಾಗುತ್ತಿವೆ.

ಕಳೆದ ವರ್ಷ ನಮ್ಮ ತಾಲ್ಲೂಕಿನ ಹೊಲವೊಂದರ ಬದುವಿನಲ್ಲಿದ್ದ ವೀರಗಲ್ಲಿನ ಚಿತ್ರವನ್ನು ಯುವಕರೊಬ್ಬರು ನಮಗೆ ಕಳುಹಿಸಿದ್ದರು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ ಮತ್ತು ಬಸವ, ಎಲ್ಲವೂ ಚೆನ್ನಾಗಿ ಕಾಣುತ್ತಿದ್ದವು. ಈ ಹಂತಗಳ ನಡುವಿನ ಪಟ್ಟಿಕೆಗಳಲ್ಲಿ ಕೊರೆದಿದ್ದ ಮೂರು ಸಾಲುಗಳು ಮಾತ್ರ ಹಿಗ್ಗಿಸಿದಷ್ಟೂ ಚೌಕ ಚೌಕವಾಗಿ ಮಸುಕಾಗುತ್ತಿದ್ದವು. ಮೂಲ ಚಿತ್ರ ಕೇಳಿದಾಗ, ಫೋನಿನಲ್ಲಿ ಜಾಗ ಸಾಲದೆ ಅಳಿಸಿದ್ದಾಗಿ ಅವರು ತಿಳಿಸಿದರು. ನಾವು ಅಲ್ಲಿಗೆ ಹೋಗುವಷ್ಟರಲ್ಲಿ ಯಾರೋ ಭಕ್ತಿಯಿಂದ ಕಲ್ಲಿಗೆಲ್ಲ ದಪ್ಪನಾಗಿ ಬಣ್ಣ ಬಳಿದಿದ್ದರು. ವೀರನ ಹೆಸರಿನ ಮೊದಲೆರಡು ಅಕ್ಷರಗಳಾಚೆ ಇಂದಿಗೂ ನಮಗೆ ಓದಲಾಗಿಲ್ಲ.

ಫೋನಿನಲ್ಲಿ ತೆಗೆದ 12 ಮೆಗಾಪಿಕ್ಸೆಲ್ ಚಿತ್ರದ ಉದ್ದದ ಬದಿಯಲ್ಲಿ ಸುಮಾರು 4000 ಪಿಕ್ಸೆಲ್‌ಗಳಿರುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳುಹಿಸಿದರೆ ಅದು ಸುಮಾರು 1600ಕ್ಕೆ ಇಳಿಯುತ್ತದೆ. ಅಂದರೆ 40 ಪಿಕ್ಸೆಲ್ ಎತ್ತರವಿದ್ದ ಅಕ್ಷರಕ್ಕೆ ಉಳಿಯುವುದು 16 ಮಾತ್ರ. ಸಾಲದ್ದಕ್ಕೆ ಕಡತದ ಗಾತ್ರ ಇಳಿಸುವ ಜೆಪೆಗ್ ವಿಧಾನವು ಚಿತ್ರವನ್ನು ಎಂಟೆಂಟು ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ತೋರದ ಸೂಕ್ಷ್ಮಗಳನ್ನು ಕೈಬಿಡುತ್ತದೆ. ಮದುವೆಮನೆಯ ಚಿತ್ರಕ್ಕೆ ಇದರಿಂದ ಹಾನಿಯಿಲ್ಲ. ಕಲ್ಲಿನ ಕುಳಿ ಯಾವುದು, ಅಕ್ಷರದ ಪಕ್ಕದ ಸೊನ್ನೆ ಯಾವುದು ಎಂದು ತೀರ್ಮಾನಿಸಬೇಕಾದ ಶಾಸನಕ್ಕೆ ಆ ಸೂಕ್ಷ್ಮವೇ ಜೀವಾಳ, ಮತ್ತು ಒಮ್ಮೆ ಹೋದದ್ದು ಎಷ್ಟು ಹಿಗ್ಗಿಸಿದರೂ ಮರಳಿ ಬಾರದು.

ಆದ್ದರಿಂದ ಶಾಸನದ ಚಿತ್ರವನ್ನು ‘ಡಾಕ್ಯುಮೆಂಟ್’ ಆಗಿಯೇ ಕಳುಹಿಸಬೇಕೆಂದು ನನ್ನ ವಿನಂತಿ. ಹಾಗೆ ಮಾಡಿದರೆ ಮೂಲ ಕಡತವೇ ತಲುಪುತ್ತದೆ. ಗಾತ್ರದ ಮಿತಿಯಿರುವ ಕಡೆ, ಇಡೀ ಕಲ್ಲಿನ ಚಿತ್ರದ ಒಂದು ನಕಲನ್ನು ಕುಗ್ಗಿಸಿ ಹಾಕಿ, ಒಂದೊಂದು ಸಾಲನ್ನೂ ಮೂಲದಿಂದ ಕತ್ತರಿಸಿ ಕುಗ್ಗಿಸದೆ ಜೊತೆಗಿಡಬಹುದು. ಸ್ಕ್ರೀನ್‌ಶಾಟ್ ಖಂಡಿತ ಬೇಡ. ಮುಕ್ತ ಚಿತ್ರಭಂಡಾರವಾದ ವಿಕಿಮೀಡಿಯಾ ಕಾಮನ್ಸ್‌ಗೆ ಏರಿಸಿದರೆ ಮೂಲ ಗಾತ್ರ ಹಾಗೆಯೇ ಉಳಿಯುತ್ತದೆ. ಓರೆ ಬಿಸಿಲಿನಲ್ಲಿ ತೆಗೆದ ಚಿತ್ರವಾದರಂತೂ ಓದುವವರಿಗೆ ಅರ್ಧ ಕೆಲಸ ಮುಗಿದಂತೆಯೇ.

ಗಾತ್ರ ಕುಗ್ಗಿಸುವಾಗ ಚಿತ್ರದೊಳಗೆ ದಾಖಲಾಗಿದ್ದ ಸ್ಥಳದ ವಿವರವೂ ಹಲವು ಬಾರಿ ಅಳಿಯುತ್ತದೆ. ಶಾಸನತಜ್ಞ ಬಿ.ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಶಾಸನಗಳೊಂದಿಗೆ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ ಎಂಬ ಶಾಸನ ಸಂಪುಟಗಳ ಮಾಲೆ ಇಂದಿಗೂ ಉಪಯೋಗಕ್ಕೆ ಬರುತ್ತಿರುವುದಕ್ಕೆ, ಶಾಸನ ಯಾವ ತಾಲ್ಲೂಕಿನ ಯಾವ ಊರಿನದೆಂದು ಅದರ ಸಂಪುಟಗಳು ದಾಖಲಿಸಿರುವುದೂ ಒಂದು ಕಾರಣ. ನಾವೂ ಊರು, ತಾಲ್ಲೂಕು ಬರೆಯೋಣ. ನಿಧಿಗಳ್ಳರ ಕಾಟವಿರುವುದರಿಂದ ಕಲ್ಲು ನಿಂತಿರುವ ನಿಖರ ಜಾಗವನ್ನು ಮಾತ್ರ ಸಂಶೋಧಕರಿಗೆ ಪ್ರತ್ಯೇಕವಾಗಿ ತಿಳಿಸಿದರೆ ಸಾಕು.

ತಮ್ಮ ಪತ್ರಿಕೆಯೂ ಓದುಗರಿಂದ ಚಿತ್ರಗಳನ್ನು ಆಹ್ವಾನಿಸುವಾಗ ‘ಮೂಲ ಗಾತ್ರದಲ್ಲಿ ಕಳುಹಿಸಿ, ಮೂಲವನ್ನು ಅಳಿಸಬೇಡಿ’ ಎಂಬ ಸಾಲೊಂದನ್ನು ಸೇರಿಸಬೇಕೆಂದು ಕೋರುತ್ತೇನೆ.

— ಶಾಸನಾಸಕ್ತ ಓದುಗ, ಹಾಸನ