ಶಿರುಯಿ ಲಿಲ್ಲಿ: ಗಡ್ಡೆ ಕೀಳಬೇಡಿ, ಬಿದಿರು ಸವರಿ

ಮಾನ್ಯ ಸಂಪಾದಕರೇ,

ಮಣಿಪುರದ ಶಿರುಯಿ ಲಿಲ್ಲಿಯ ಬಗ್ಗೆ ಬರುವ ಬರಹಗಳಲ್ಲಿ ಒಂದು ಮಾತು ತಪ್ಪದೆ ಇರುತ್ತದೆ: ಈ ಹೂ ಅಲ್ಲಿನ ಶಿರುಯಿ ಬೆಟ್ಟ ಒಂದನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಬದುಕುವುದಿಲ್ಲವಂತೆ. ಇದರಲ್ಲಿ ಅರ್ಧ ಮಾತ್ರ ನಿಜ. ತಾನಾಗಿ ಬೆಳೆಯುವ ನೆಲೆ ಬಹಳ ಚಿಕ್ಕದು, ಹೌದು. ಆದರೆ ಬೀಜದಿಂದ ಎಬ್ಬಿಸಿದ ಗಿಡಗಳು ಸ್ಕಾಟ್ಲೆಂಡಿನ ತೋಟಗಳಲ್ಲಿ ದಶಕಗಳಿಂದ ಹೂ ಬಿಡುತ್ತಿವೆ. ಬ್ರಿಟಿಷ್ ಸಸ್ಯಾನ್ವೇಷಕ ಫ್ರಾಂಕ್ ಕಿಂಗ್‌ಡನ್-ವಾರ್ಡ್ ಇದನ್ನು ಶಿರುಯಿಯಲ್ಲಿ ಕಂಡದ್ದು 1946ರಲ್ಲಿ. 1948ರಲ್ಲೇ ಇದಕ್ಕೆ ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಪ್ರಶಸ್ತಿ ಬಂತು. ಮರುವರ್ಷ ಅವರ ಪತ್ನಿ ಜೀನ್ ಮ್ಯಾಕ್ಲಿನ್ ಹೆಸರಿನಲ್ಲಿ ಲಿಲಿಯಮ್ ಮ್ಯಾಕ್ಲಿನಿಯೆ ಎಂಬ ನಾಮಕರಣವಾಯಿತು. ಅಲ್ಲಿನ ತಂಗ್‌ಖುಲ್ ನಾಗಾ ಜನರಿಗೆ ಅದು ಅದಕ್ಕೂ ಬಹಳ ಹಿಂದಿನಿಂದ ಕಾಶೊಂಗ್ ತಿಮ್ರಾವೊನ್. ಇಂದು ಮಣಿಪುರದ ರಾಜ್ಯಪುಷ್ಪ.

ಪವಾಡದ ಹೂ ಎಂದು ಕೈಮುಗಿದು ಬಿಟ್ಟರೆ ಅದಕ್ಕೆ ಬೇಕಾದುದೇನು ಎಂದು ಯಾರೂ ಕೇಳುವುದಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ಉಖ್ರುಲ್ ಜಿಲ್ಲೆಯ ಶಿರುಯಿ ಶಿಖರದ ಎತ್ತರ 2,835 ಮೀಟರ್. ಲಿಲ್ಲಿ ಇರುವುದು ಮೇಲ್ಭಾಗದ ಹುಲ್ಲಿನ ಇಳಿಜಾರಿನಲ್ಲಿ, ದಟ್ಟ ಮರಗಳ ನೆರಳಿನಲ್ಲಲ್ಲ. ಬೇಸಿಗೆಯಲ್ಲೂ ತಂಪು, ಮಂಜು, ಮುಂಗಾರಿನ ಭಾರಿ ಮಳೆ. ಆದರೆ ಇಳಿಜಾರಾದ್ದರಿಂದ ಗಡ್ಡೆಯ ಸುತ್ತ ನೀರು ನಿಲ್ಲುವುದಿಲ್ಲ. ಎಲೆಗೊಬ್ಬರ ಬೆರೆತ ಹುಳಿ ಮಣ್ಣು ತೇವವಾಗಿರುತ್ತದೆ, ಕೆಸರಾಗಿರುವುದಿಲ್ಲ. ಚಳಿಗಾಲ ಒಣ, ಆಗ ಗಿಡ ನೆಲದೊಳಗೆ ಮಲಗಿರುತ್ತದೆ. ಇವೆಲ್ಲವೂ ಒಟ್ಟಿಗೆ ಸಿಗುವ ಜಾಗ ಕಡಿಮೆ, ಗುಟ್ಟು ಅಷ್ಟೇ.

ಗಿಡ ಒಂದರಿಂದ ಮೂರು ಅಡಿ. ಗಾಳಿ ಬಡಿಯುವ ಏಣಿನ ಮೇಲೆ ಗಿಡ್ಡ, ಹುಲ್ಲಿನ ಆಸರೆ ಇರುವಲ್ಲಿ ಎತ್ತರ. ಮೇ ನಡುವಿನಿಂದ ಜೂನ್‌ವರೆಗೆ ತುದಿಯಲ್ಲಿ ಒಂದೋ, ಕೆಲವೋ ಹೂಗಳು ಗಂಟೆಯಂತೆ ತಲೆಬಾಗಿ ತೂಗುತ್ತವೆ. ಹೊರಗೆ ನಸುನೇರಳೆ ಬೆರೆತ ಗುಲಾಬಿ, ಒಳಗೆ ಬಹುತೇಕ ಬಿಳಿ. ಎಸಳು ಆರು, ಕೇಸರ ಆರು. ಹೂ ಕೆಳಮುಖವಾಗಿರುವುದರಿಂದ ಮಳೆಯಲ್ಲಿ ಪರಾಗ ತೊಯ್ಯುವುದಿಲ್ಲ. ಸ್ವಾರಸ್ಯ ಇರುವುದು ಇದರ ಮುಂದೆ. ಕಾಯಿ ಕಟ್ಟುತ್ತಿದ್ದಂತೆ ತೊಟ್ಟು ನಿಧಾನವಾಗಿ ತಿರುಗಿ ಕಾಯಿ ನೆಟ್ಟಗೆ ನಿಲ್ಲುತ್ತದೆ. ಮೂರು ಕೋಣೆಯ ಆ ಕಾಯಿ ಒಣಗಿ ತುದಿಯಿಂದ ಬಿರಿಯುತ್ತದೆ. ಒಳಗೆ ಕಾಗದದಷ್ಟು ತೆಳುವಾದ ಚಪ್ಪಟೆ ಬೀಜಗಳು ಒಂದರ ಮೇಲೊಂದು ಪೇರಿಸಿಟ್ಟಂತಿರುತ್ತವೆ. ಕಡ್ಡಿ ಗಾಳಿಗೆ ಅಲುಗಿದಾಗಲೆಲ್ಲ ಕೆಲವಷ್ಟೇ ಹಾರುತ್ತವೆ. ಕಾಯಿ ಬಾಗಿಯೇ ಇದ್ದಿದ್ದರೆ ಬೀಜವೆಲ್ಲ ಬುಡದಲ್ಲೇ ಸುರಿದುಹೋಗುತ್ತಿತ್ತು.

ಈಗ ಹಾನಿಯ ಮಾತು. ‘ಹೂ ಮಾತ್ರ ಕಿತ್ತೆ, ಗಡ್ಡೆ ಅಲ್ಲೇ ಇದೆಯಲ್ಲ’ ಎನ್ನುವವರು ಗಿಡವನ್ನು ಸರಿಯಾಗಿ ನೋಡಿಲ್ಲ. ಹೂ ಬಿಡುವ ಗಿಡದ ಎಲೆಗಳಿರುವುದು ಹೂವಿನ ಕಡ್ಡಿಯ ಮೇಲೆಯೇ. ಕಡ್ಡಿ ಮುರಿದರೆ ಆ ವರ್ಷದ ಬೀಜವೂ ಹೋಯಿತು, ಗಡ್ಡೆಗೆ ಸೇರಬೇಕಾದ ಆಹಾರವೂ ಹೋಯಿತು. ಗಡ್ಡೆ ಕುಗ್ಗುತ್ತದೆ, ಮುಂದಿನ ವರ್ಷ ಹೂ ಬರದೇ ಇರಬಹುದು. ವಸಂತದಲ್ಲಿ ಮೊಳಕೆಯ ತುದಿಯನ್ನು ತುಳಿದರೂ ಇದೇ ಗತಿ, ಏಕೆಂದರೆ ಒಂದು ಮೊಳಕೆಗೆ ಬೆಳೆಯುವ ತುದಿ ಒಂದೇ. ಕಾಲುದಾರಿ ಬಿಟ್ಟು ಫೋಟೋಗೆಂದು ಹುಲ್ಲಿಗೆ ಇಳಿಯಬಾರದು ಎನ್ನುವುದು ಇದಕ್ಕೇ.

ಗಡ್ಡೆ ಕೀಳುವುದಂತೂ ಶುದ್ಧ ನಷ್ಟ. ಲಿಲ್ಲಿಯ ಗಡ್ಡೆ ದಪ್ಪ ಪದರಗಳ ಗೊಂಚಲು, ಈರುಳ್ಳಿಗಿರುವ ಒಣಸಿಪ್ಪೆಯ ಹೊದಿಕೆ ಇದಕ್ಕಿಲ್ಲ. ಹೊರಗೆ ತೆಗೆದ ಕೂಡಲೇ ಒಣಗತೊಡಗುತ್ತದೆ. ಹೂವಿನ ಕಾಲದಲ್ಲಿ ಅಗೆದರೆ ಬೇರೆಲ್ಲ ಹರಿಯುತ್ತದೆ. ಬಯಲುಸೀಮೆಯ ಸೆಕೆಯಲ್ಲಿ ಕುಂಡಕ್ಕೆ ನೆಟ್ಟು ದಿನವೂ ನೀರು ಹೊಯ್ದರೆ ಬೇಗನೆ ಕೊಳೆಯುತ್ತದೆ. ‘ಬೇರೆಡೆ ಬದುಕುವುದಿಲ್ಲ’ ಎಂಬ ಕಥೆಗೆ ಇಂಥ ಸಾವುಗಳೇ ಕಾರಣವಿರಬೇಕು.

ಆದರೆ ಪ್ರವಾಸಿಗರನ್ನು ಪೂರ್ತಿ ತಡೆದರೂ ಹೂ ಉಳಿಯುತ್ತದೆ ಎನ್ನುವಂತಿಲ್ಲ. ಇಳಿಜಾರನ್ನು ಕುಬ್ಜ ಬಿದಿರು ಆವರಿಸುತ್ತಿದೆ. ನೆಲದಡಿಯ ಕಾಂಡದಿಂದ ಹಬ್ಬಿ ಒತ್ತಾದ ಹಾಸು ಕಟ್ಟುವ ಈ ಗಿಡದ ಕೆಳಗೆ ಲಿಲ್ಲಿಯ ಸಸಿಗೆ ಬೆಳಕೇ ಸಿಗದು. ಮೊದಲ ವರ್ಷ ಸಸಿ ಎಂದರೆ ಹುಲ್ಲಿನೆಳೆಯಂಥ ಎಲೆಗಳಷ್ಟೇ. ಹಳೆಯ ಗಡ್ಡೆಗಳು ಕೆಲಕಾಲ ಹೂ ಬಿಡುತ್ತಲೇ ಇರುವುದರಿಂದ, ಹೊಸ ತಲೆಮಾರು ಹುಟ್ಟುತ್ತಿಲ್ಲ ಎಂಬುದು ನೋಡುವವರಿಗೆ ತಿಳಿಯುವುದೇ ಇಲ್ಲ. ಬೇಲಿ ಹಾಕಿದರೆ ಜನ ನಿಲ್ಲುತ್ತಾರೆ, ಬಿದಿರು ನಿಲ್ಲುವುದಿಲ್ಲ.

ಬಿದಿರನ್ನು ಗುದ್ದಲಿಯಿಂದ ಕೀಳಬಾರದು. ಜೊತೆಗೆ ಲಿಲ್ಲಿಯ ಗಡ್ಡೆಯೂ ಬರುತ್ತದೆ, ಸಡಿಲವಾದ ಮಣ್ಣು ಮೊದಲ ಜಡಿಮಳೆಗೆ ಜಾರುತ್ತದೆ. ಬೆಂಕಿಯೂ ಬೇಡ: ಬಿದಿರು ಬುಡದಿಂದ ಮತ್ತೆ ಚಿಗುರುತ್ತದೆ, ಎಳೆಯ ಲಿಲ್ಲಿ ಸುಡುತ್ತದೆ. ಕುಡುಗೋಲಿನಿಂದ ನೆಲಮಟ್ಟಕ್ಕೆ ಸವರಬೇಕು. ಹೊಸ ಕಳಲೆ ಪೂರ್ತಿ ಉದ್ದವಾಗಿ ಎಲೆ ಬಿಚ್ಚುವ ಹೊತ್ತಿಗೆ ಕೊಯ್ದರೆ ಒಳಗಿನ ಕಾಂಡದ ಕೂಡಿಟ್ಟ ಆಹಾರ ಹೆಚ್ಚು ಖರ್ಚಾಗಿರುತ್ತದೆ. ಆಗ ಲಿಲ್ಲಿಯಲ್ಲಿ ಕಾಯಿ ಇರುವುದರಿಂದ ಅದರ ಕಡ್ಡಿಗಳ ಪಕ್ಕ ಕೋಲು ನೆಟ್ಟು ಗುರುತು ಮಾಡಿಕೊಂಡೇ ಕೆಲಸಕ್ಕಿಳಿಯಬೇಕು. ಕೊಯ್ದ ರಾಶಿಯನ್ನು ಅಲ್ಲೇ ಬಿಟ್ಟರೆ ನೆರಳು ಮತ್ತೆ ಬಂದಂತೆ, ಹೊರಗೆ ಸಾಗಿಸಬೇಕು. ಒಂದು ವರ್ಷ ಮಾಡಿ ಬಿಟ್ಟರೆ ಪ್ರಯೋಜನವಿಲ್ಲ, ಅದೇ ಜಾಗದಲ್ಲಿ ವರ್ಷವರ್ಷವೂ ಸವರಬೇಕು. ಇದಕ್ಕೆ ಬೇಕಾದ ಕೈಗಳು ಆ ಬೆಟ್ಟದ ಗ್ರಾಮಸ್ಥರವು, ಕೂಲಿಯ ಹಣ ಸರ್ಕಾರದ್ದಾಗಬೇಕು.

ಮನೆಯಂಗಳದಲ್ಲಿ ಬೇಕೇ ಬೇಕು ಎನ್ನುವ ತಂಪು ಪ್ರದೇಶದವರು ತೋಟದಲ್ಲಿ ಬೆಳೆದ ಗಿಡದ ಬೀಜವನ್ನಷ್ಟೇ ಬಳಸಲಿ. ಎಲೆಗೊಬ್ಬರಕ್ಕೆ ದಪ್ಪ ಮರಳು ಬೆರೆಸಿ, ಸುಣ್ಣದ ಅಂಶ ಸೇರದಂತೆ ನೋಡಿಕೊಂಡು, ಬೀಜವನ್ನು ಚಪ್ಪಟೆಯಾಗಿ ಹರಡಿ ಅರ್ಧ ಸೆಂಟಿಮೀಟರ್ ಮಣ್ಣು ಉದುರಿಸಿದರೆ ಸಾಕು. 15ರಿಂದ 18 ಡಿಗ್ರಿ ತಂಪಿನಲ್ಲಿ ಕೆಲವು ವಾರಗಳಲ್ಲಿ ಮೊಳೆಯುತ್ತದೆ. ಮೊದಲ ವರ್ಷ ಸಸಿಯನ್ನು ಕದಲಿಸಬೇಡಿ. ಗಿಡಹೇನು ಕಂಡ ದಿನವೇ ತೊಳೆದುಬಿಡಿ; ಲಿಲ್ಲಿಗೆ ವೈರಸ್ ರೋಗ ದಾಟಿಸುವುದು ಅದೇ, ತಗುಲಿದ ಗಿಡಕ್ಕೆ ಮದ್ದಿಲ್ಲ. ಸರಿಯಾಗಿ ನೋಡಿಕೊಂಡರೆ ಎರಡರಿಂದ ನಾಲ್ಕು ವರ್ಷದಲ್ಲಿ ಹೂ ಕಾಣಬಹುದು.

— ಸಸ್ಯಶಾಸ್ತ್ರಾಸಕ್ತ ಓದುಗರು